ಕುಟ್ಟದ ಕಾಫಿ, ಹುಣಸೂರಿನ ಕೂಲಿ

'ಹಸಿರು ಉದ್ಯೋಗ' ಎಂಬ ಮಾತು ಕೆಲವು ವರ್ಷಗಳಿಂದ ಸರಕಾರದ ಯೋಜನೆಗಳಲ್ಲಿಯೂ ಸಭೆ ಸಮಾರಂಭಗಳಲ್ಲಿಯೂ ಧಾರಾಳವಾಗಿ ಓಡಾಡುತ್ತಿದೆ. 2008ರಲ್ಲಿ ವಿಶ್ವಸಂಸ್ಥೆಯ ಪರಿಸರ ಶಾಖೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಕೂಡಿ ಈ ಹೆಸರಿನ ಒಂದು ದೊಡ್ಡ ವರದಿಯನ್ನು ಹೊರತಂದುವು. 2015ರಲ್ಲಿ ನಮ್ಮ ದೇಶದಲ್ಲಿಯೇ ಹಸಿರು ಉದ್ಯೋಗಗಳಿಗೆಂದು ಒಂದು ಕೌಶಲ ಮಂಡಳಿ ಏರ್ಪಟ್ಟಿತು. ಬಿಸಿಲಿನಿಂದ ವಿದ್ಯುತ್ತು ತೆಗೆಯುವ ಹಲಗೆಗಳನ್ನು ಜೋಡಿಸುವವನು, ಗಾಳಿಯಂತ್ರವನ್ನು ನಿಲ್ಲಿಸುವವನು, ಪೆಟ್ರೋಲು ಬೇಡದ ಗಾಡಿಗಳನ್ನು ತಯಾರಿಸುವವನು, ಇವರೆಲ್ಲ ಹಸಿರು ಕೆಲಸಗಾರರು. ಬೆಂಗಳೂರಿನ ಮಟ್ಟಿಗೆ ಹೇಳುವುದಾದರೆ 1989ರಲ್ಲಿ ಟಾಟಾ ಬಿಪಿ ಸೋಲಾರ್ ಕಂಪನಿ ಇಲ್ಲಿ ನೆಲೆಯೂರಿತು. 2001ರಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಇಲ್ಲಿಯ ಬೀದಿಗಿಳಿಯಿತು. ಇದನ್ನೆಲ್ಲ ಓದಿದವರಿಗೆ, ಪಟ್ಟಣದ ಕಾರ್ಖಾನೆಯೂ ಹಸಿರೂ ಒಂದನ್ನೊಂದು ಕಂಡು ಮಾತಾಡಿಸಿದ್ದು ಮೊನ್ನೆ ಮೊನ್ನೆ ಎಂಬ ಭಾವನೆ ಬಂದರೆ ಆಶ್ಚರ್ಯವಿಲ್ಲ.

ಆದರೆ ನಮ್ಮ ನಾಡಿನಲ್ಲಿ ಈ ಪರಿಚಯ ಬಹು ಹಳೆಯದು. ಹಳೆಯದೆಂದ ಮಾತ್ರಕ್ಕೆ ಅದು ಸತ್ಯಯುಗವೆಂದು ನಾನು ಹೇಳಲಾರೆ. ಅದರ ಲೆಕ್ಕದಲ್ಲಿ ಜಮೆಯೂ ಉಂಟು, ಖರ್ಚೂ ಉಂಟು. ಆ ಲೆಕ್ಕವನ್ನು ಒಮ್ಮೆ ತಿರುವಿ ನೋಡಿದರೆ ಹೊಸ ಲೆಕ್ಕ ಬರೆಯುವವರಿಗೆ ಉಪಯೋಗವಾದೀತೆಂದು ಈ ಲೇಖನ. ನಾನು ಹಿಡಿದುಕೊಂಡ ಎಳೆ ಕೊಡಗಿನ ಕುಟ್ಟದಲ್ಲಿ ಆರಂಭವಾಗುತ್ತದೆ. ಅಲ್ಲಿ ಹೇಳಿಕೊಳ್ಳುವಂಥ ಕಾರ್ಖಾನೆ ಯಾವುದೂ ಇಲ್ಲ ಎಂಬುದೇ ಈ ಕಥೆಯ ಮೊದಲ ವಿಷಯ.

ಕುಟ್ಟ ಕೊಡಗಿನ ತೆಂಕಣ ತುದಿ. ಪೇಟೆಯನ್ನು ದಾಟಿ ಸ್ವಲ್ಪ ನಡೆದರೆ ಕೇರಳ. ಅಲ್ಲಿಂದಾಚೆ ತೋಲ್ಪೆಟ್ಟಿ, ಮಾನಂದವಾಡಿ, ವಯನಾಡಿನ ಸೀಮೆ. ಬಸ್ಸು ನಿಲ್ಲುವ ಕಡೆ ಕಾಲುಗಂಟೆ ನಿಂತರೆ ಕನ್ನಡ, ಕೊಡವ ತಕ್ಕ್, ಮಲಯಾಳ, ಯರವರ ಮಾತು ಎಲ್ಲವೂ ಕಿವಿಗೆ ಬೀಳುತ್ತವೆ. ಒಂದು ಪಕ್ಕಕ್ಕೆ ಬ್ರಹ್ಮಗಿರಿಯ ಬೆಟ್ಟಸಾಲು, ಇನ್ನೊಂದು ಪಕ್ಕಕ್ಕೆ ನಾಗರಹೊಳೆಯ ಕಾಡು, ನಡುವೆ ಕಾಫಿ ತೋಟಗಳು. ಹೆಚ್ಚಿನದು ರೋಬಸ್ಟಾ, ಮರಗಳ ಮೈಗೆ ಹಬ್ಬಿದ ಕರಿಮೆಣಸು. ಜನವರಿಯಿಂದ ಮಾರ್ಚಿಯವರೆಗೆ ಹೋದವರಿಗೆ ಎಲ್ಲೆಲ್ಲಿಯೂ ಕಣಗಳು ಕಾಣುತ್ತವೆ. ಕೆಂಪಗೆ ಬಂದ ಹಣ್ಣು ಒಣಗಿ ಕಪ್ಪಾಗುವವರೆಗೆ ಬಿಸಿಲಿನಲ್ಲಿ ಬಿದ್ದಿರುತ್ತದೆ. ಆಳುಗಳು ಹಗಲೆಲ್ಲ ಅದನ್ನು ಎಳೆದು ಮಗುಚುತ್ತಿರುತ್ತಾರೆ. ಒಣಗಿದ ಮೇಲೆ ಚೀಲಕ್ಕೆ ತುಂಬಿ ಲಾರಿಗೆ ಹೇರುತ್ತಾರೆ. ಅಲ್ಲಿಗೆ ಕುಟ್ಟದ ಕೆಲಸ ಮುಗಿಯಿತು.

ಕುಟ್ಟದ ಸೀಮೆಯಿಂದ ಮೈಸೂರಿನ ಕಡೆಗೆ ಎರಡು ಸಂಪತ್ತುಗಳು ಇಳಿದು ಹೋಗುತ್ತವೆ. ಒಂದು ನೀರು. ಬ್ರಹ್ಮಗಿರಿಯಲ್ಲಿ ಲಕ್ಷ್ಮಣನು ಬಾಣ ಬಿಟ್ಟು ನೀರು ಹೊರಡಿಸಿದನೆಂದು ಜನ ಹೇಳುವ ಲಕ್ಷ್ಮಣತೀರ್ಥ ಇರ್ಪಿನಲ್ಲಿ ಧುಮುಕಿ, ತೆಂಕಣ ಕೊಡಗಿನ ಗದ್ದೆಗಳನ್ನು ಹಾದು, ಹನಗೋಡಿನ ಅಣೆಕಟ್ಟೆಯನ್ನು ಕಂಡು, ಹುಣಸೂರು ಪೇಟೆಯ ಪಕ್ಕದಲ್ಲಿಯೇ ಹರಿದು, ಕೊನೆಗೆ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಇನ್ನೊಂದು ಕಾಫಿ. ಅದು ಗೋಣಿಕೊಪ್ಪ, ತಿತಿಮತಿಗಳ ಮಾರ್ಗವಾಗಿ ಅದೇ ಹುಣಸೂರಿಗೆ ಇಳಿಯುತ್ತಿತ್ತು. ಈಗಲೂ ಒಂದಷ್ಟು ಇಳಿಯುತ್ತದೆ. ಬೆಟ್ಟದ ಮಳೆಯೂ ಬೆಟ್ಟದ ಬೆಳೆಯೂ ಬಯಲುಸೀಮೆಯ ಒಂದೇ ಊರಿನ ಬಾಗಿಲು ತಟ್ಟಿದುದರಿಂದ ಅಲ್ಲಿ ಹುಟ್ಟಿಕೊಂಡ ಕೆಲಸದ ಕಥೆ ನಮ್ಮದು.

ಕೊಡಗನ್ನು ಆಂಗ್ಲರು ತಮ್ಮ ವಶಕ್ಕೆ ತೆಗೆದುಕೊಂಡದ್ದು 1834ರಲ್ಲಿ. ಇಪ್ಪತ್ತು ವರ್ಷಗಳ ತರುವಾಯ, 1854ರಲ್ಲಿ, ಫೌಲರ್ ಎಂಬಾತನು ಮಡಿಕೇರಿಯ ಬಳಿ ಯೂರೋಪಿಯನ್ನರ ಮೊದಲ ಕಾಫಿ ತೋಟವನ್ನು ಹಾಕಿದನು. ಅದಕ್ಕೆ ಹಿಂದೆಯೂ ನಮ್ಮ ಜನರ ಹಿತ್ತಲುಗಳಲ್ಲಿ ಕಾಫಿ ಗಿಡ ಇದ್ದುದುಂಟು. ಬಾಬಾಬುಡನ್ ಎಂಬ ಸಂತರು ಹದಿನೇಳನೆಯ ಶತಮಾನದಲ್ಲಿ ಅರಬರ ನಾಡಿನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂಬ ಐತಿಹ್ಯ ಓದುಗರಿಗೆಲ್ಲ ಗೊತ್ತಿದೆ. ಆದರೆ ಹಡಗಿಗೆ ಹೇರುವ ಪ್ರಮಾಣದಲ್ಲಿ ಕಾಫಿ ಬೆಳೆಯತೊಡಗಿದ್ದು ಫೌಲರನ ಕಾಲದಿಂದೀಚೆಗೆ. ಹಡಗಿಗೆ ಹೇರಬೇಕೆಂದಾಗ ಒಂದು ತೊಡಕು ಎದುರಾಯಿತು. ಅದರಿಂದಲೇ ಕಾರ್ಖಾನೆಗಳು ಹುಟ್ಟಿದುವು.

ಆ ತೊಡಕು ಕೊಡಗಿನ ಹವೆಯದು. ಕಾಫಿಬೀಜ ಬಹಳ ನಾಜೂಕಿನ ವಸ್ತು. ಸಿಪ್ಪೆಯೊಳಗೆ ಇರುವವರೆಗೆ ಅದು ಸುರಕ್ಷಿತ. ಸಿಪ್ಪೆ ತೆಗೆದ ಕೂಡಲೆ ಗಾಳಿಯ ತೇವವನ್ನೆಲ್ಲ ಹೀರಿಕೊಂಡು ಬಣ್ಣ ಕಳೆದುಕೊಂಡು ಬಿಳಚಿಕೊಳ್ಳುತ್ತದೆ. ಮಂಜೂ ಮಳೆಯೂ ಸದಾ ಸುತ್ತುವ ಬೆಟ್ಟದ ಮೇಲೆ ಸಿಪ್ಪೆ ತೆಗೆದು ದಾಸ್ತಾನು ಮಾಡಿದರೆ ಲಂಡನ್ನಿನ ವ್ಯಾಪಾರಿ ಮುಖ ಸಿಂಡರಿಸುತ್ತಿದ್ದನು. ಆದುದರಿಂದ ತೋಟದಲ್ಲಿ ಒಂದು ಹದಕ್ಕೆ ಒಣಗಿಸಿ, ಸಿಪ್ಪೆಸಹಿತವಾಗಿ ಒಣಹವೆಯ ಬಯಲಿಗೋ ಬಿಸಿಲು ಸುಡುವ ಕರಾವಳಿಗೋ ಸಾಗಿಸಿ, ಅಲ್ಲಿ ಮತ್ತೊಮ್ಮೆ ಬಿಸಿಲು ಕಾಣಿಸಿ, ಹಡಗು ಹೊರಡುವ ಮುಂಚೆ ಸಿಪ್ಪೆ ತೆಗೆದು, ಗಾತ್ರ ನೋಡಿ, ಕೆಟ್ಟದ್ದನ್ನು ಆರಿಸಿ ಚೀಲ ಕಟ್ಟುವ ಪದ್ಧತಿ ಬೆಳೆಯಿತು. ಇದಕ್ಕೆ ಕ್ಯೂರಿಂಗ್ ಎಂದು ಹೆಸರು. ಹದ ಮಾಡುವುದೆಂದು ನಾವು ಹೇಳಬಹುದು. ಹದವಾಗಿ ಹೊರಬಂದ, ಇನ್ನೂ ಹುರಿಯದ ಬೀಜವನ್ನು ಲೋಕದ ವ್ಯಾಪಾರವೆಲ್ಲ ಕರೆಯುವುದು 'ಹಸಿರು ಕಾಫಿ' ಎಂದು. ನಮ್ಮ ವಿಷಯಕ್ಕೆ ಇದು ಕೇವಲ ಆಕಸ್ಮಿಕ. ಆದರೂ ಒಳ್ಳೆಯ ಶಕುನ.

ಹುಣಸೂರು ಇದಕ್ಕೆ ಹೇಳಿ ಮಾಡಿಸಿದ ಊರು. ಮೈಸೂರಿನಿಂದ ಹೋದ ದಾರಿ ಅಲ್ಲಿ ಕವಲೊಡೆದು ಕೊಡಗನ್ನೂ ಕರಾವಳಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಅಮೃತಮಹಲ್ ದನಗಳ ಕೇಂದ್ರವಾಗಿ ಹೆಸರಾದ ಆ ಊರಿನಲ್ಲಿ ಸರಕಾರದ ಚರ್ಮದ ಕಾರ್ಖಾನೆಯೂ ಕಂಬಳಿಯ ಕಾರ್ಖಾನೆಯೂ ಇದ್ದುವು. ಸರಕಾರ ಅವುಗಳನ್ನು ಮುಚ್ಚಿದ ಮೇಲೂ ಕಲಿತ ಕೈಗಳು ಊರಲ್ಲಿಯೇ ಉಳಿದುವು. ಕೊಡಗಿನ ಕಾಫಿಯನ್ನು ಹಡಗಿಗೆ ಸಿದ್ಧಪಡಿಸುವ ದೊಡ್ಡ ಕಾರ್ಖಾನೆಗಳು ಅಲ್ಲಿದ್ದುವೆಂದೂ ಎತ್ತಿನ ಗಾಡಿಗಳನ್ನು ಅಲ್ಲಿ ಬಹಳ ಸಂಖ್ಯೆಯಲ್ಲಿ ಮಾಡುತ್ತಿದ್ದರೆಂದೂ ರೈಸ್ ಸಾಹೇಬರ ಮೈಸೂರು ಗೆಜೆಟಿಯರು ತಿಳಿಸುತ್ತದೆ. ಕಾಫಿ ಬಂದುದರಿಂದ ಗಾಡಿ ಬೇಕಾಯಿತು. ಗಾಡಿ ಬೇಕಾದುದರಿಂದ ಬಡಗಿಗೂ ಕಮ್ಮಾರನಿಗೂ ಕೆಲಸ ಸಿಕ್ಕಿತು. ಒಂದು ಕೈಗಾರಿಕೆ ಇನ್ನೊಂದನ್ನು ಕೈಹಿಡಿದು ಕರೆತರುವುದೆಂದರೆ ಹೀಗೆ.

ಘಟ್ಟದ ಕೆಳಗೂ ಇದೇ ಕಾಲದಲ್ಲಿ ಕೆಲಸ ಶುರುವಾಯಿತು. 1862ರಲ್ಲಿ ಕಲ್ಲಿಕೋಟೆಯಲ್ಲಿ ಪಿಯರ್ಸ್ ಲೆಸ್ಲಿ ಕಂಪನಿ, 1867ರಲ್ಲಿ ಕೊಚ್ಚಿಯಲ್ಲಿ ಆಸ್ಪಿನ್‌ವಾಲ್ ಕಂಪನಿ ಹುಟ್ಟಿದುವು. ಇವು ಮುಂದೆ ಮಂಗಳೂರಿನಲ್ಲಿಯೂ ಕಾಫಿ ಹದ ಮಾಡುವ ಅಂಗಳಗಳನ್ನು ತೆರೆದುವು. ಮಂಗಳೂರಿನಲ್ಲಿ ಒಂದು ವಿಚಿತ್ರವೂ ನಡೆಯಿತು. ಹಡಗುಗಳು ಹಾಯಿ ಬಿಚ್ಚಿಕೊಂಡು ಆಫ್ರಿಕವನ್ನು ಸುತ್ತಿ ಹೋಗುತ್ತಿದ್ದ ಕಾಲದಲ್ಲಿ ತಿಂಗಳುಗಟ್ಟಲೆ ಸಮುದ್ರದ ತೇವವನ್ನು ಕುಡಿದು ಬೀಜ ಉಬ್ಬಿ ಹೊಂಬಣ್ಣಕ್ಕೆ ತಿರುಗುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಉಗಿಹಡಗು ಬಂದ ಮೇಲೆ ಕಾಫಿ ಬೇಗನೆ, ಹಸುರಾಗಿಯೇ ತಲಪತೊಡಗಿತು. ಬೇಗ ಬಂದಿತೆಂದು ಸಂತೋಷಪಡಬೇಕಾಗಿದ್ದ ಉತ್ತರ ಯೂರೋಪಿನ ಗಿರಾಕಿಗಳು ಹಳೆಯ ರುಚಿ ಎಲ್ಲಿ ಎಂದು ಕೇಳಿದರು! ಅದಕ್ಕೆ ಮಂಗಳೂರಿನವರು ಉಪಾಯ ಹೂಡಿದರು. ಜೂನಿನಿಂದ ಸೆಪ್ಟೆಂಬರಿನವರೆಗೆ, ಗೋಡೆ ತೆರೆದ ಚಾವಡಿಗಳಲ್ಲಿ ಕಾಫಿಯನ್ನು ಹರಡಿ, ಮಳೆಗಾಳಿ ಅದರ ಮೇಲೆ ಬೀಸುವಂತೆ ಬಿಟ್ಟು, ಆಗಾಗ ಕೆದಕಿ, ಚೀಲ ಬದಲಿಸಿ, ಹಡಗಿನಲ್ಲಿ ಆಗುತ್ತಿದ್ದುದನ್ನು ನೆಲದ ಮೇಲೆಯೇ ಮಾಡಿದರು. ಇಂದಿಗೂ ಅದು 'ಮಾನ್ಸೂನ್ಡ್ ಮಲಬಾರ್' ಎಂಬ ಹೆಸರಿನಲ್ಲಿ ಒಳ್ಳೆಯ ಬೆಲೆಗೆ ಹೋಗುತ್ತದೆ. ಇಲ್ಲಿ ಯಂತ್ರವೆಂದರೆ ನೈಋತ್ಯ ಮಾರುತ. ಅದಕ್ಕೆ ಕಲ್ಲಿದ್ದಲೂ ಬೇಡ, ಸೌದೆಯೂ ಬೇಡ. ಅದೇ ಮಂಗಳೂರಿನಲ್ಲಿ 1865ರಿಂದ ಬಾಸೆಲ್ ಮಿಶನ್ನಿನವರು ಆರಂಭಿಸಿದ ಹೆಂಚಿನ ಕಾರ್ಖಾನೆಯ ಗೂಡುಗಳು ಎಷ್ಟು ಸೌದೆ ನುಂಗಿರಬಹುದೆಂಬುದನ್ನು ನೆನೆದರೆ ವ್ಯತ್ಯಾಸ ಗೊತ್ತಾಗುತ್ತದೆ.

ಕಾಫಿ ಕಾರ್ಖಾನೆಯ ಒಳಗೆ ನಡೆಯುವುದನ್ನು ಸ್ವಲ್ಪ ವಿವರಿಸುತ್ತೇನೆ. ಬಂದ ಚೀಲವನ್ನು ಸುರಿದು ಕಲ್ಲು, ಕಸ, ಕಬ್ಬಿಣದ ಚೂರುಗಳನ್ನು ಬೇರ್ಪಡಿಸುತ್ತಾರೆ. ಹಲ್ಲರ್ ಎಂಬ ಯಂತ್ರ ಸಿಪ್ಪೆಯನ್ನು ಒಡೆಯುತ್ತದೆ; ಬೀಸುಗಾಳಿ ಹೊಟ್ಟನ್ನು ಹಾರಿಸುತ್ತದೆ. ಆಮೇಲೆ ಜರಡಿಗಳ ಸರದಿ. 6.65 ಮಿಲಿಮೀಟರಿನ ಜರಡಿಯ ಮೇಲೆ ನಿಂತದ್ದು ಎ ದರ್ಜೆ, 6 ಮಿಲಿಮೀಟರಿನ ಮೇಲೆ ನಿಂತದ್ದು ಬಿ. ಒಂದು ಹಣ್ಣಿನಲ್ಲಿ ಎರಡಕ್ಕೆ ಬದಲು ಒಂದೇ ಆಗಿ ಬೆಳೆದ ಉರುಟು ಕಾಳು ಪಿಬಿ. ಗಾತ್ರವನ್ನು ಜರಡಿ ಹೇಳುತ್ತದೆ, ತೂಕವನ್ನು ಗಾಳಿ ಹೇಳುತ್ತದೆ. ಆದರೆ ಕೆಟ್ಟಿರುವುದನ್ನು ಯಾರು ಹೇಳಬೇಕು? ಕರಿದಾದುದು, ಕಂದಿದುದು, ಒಡೆದುದು, ಹುಳು ತಿಂದುದು, ಇವನ್ನು ಹೆಕ್ಕಬೇಕಾದರೆ ಕಣ್ಣು ಬೇಕು, ಬೆರಳು ಬೇಕು. ಈ ಕೆಲಸಕ್ಕೆ ಗಾರ್ಬ್ಲಿಂಗ್ ಎಂದು ಹೆಸರು. ಅದನ್ನು ಮಾಡಿದವರು ಬಹುಮಟ್ಟಿಗೆ ಹೆಂಗಸರು. ಹೆಕ್ಕಿ ತೆಗೆದ ಕರಿಕಾಳು, ಕಂದುಕಾಳು, ಒಡಕು ಕೂಡಿಸಿ 'ಮೂರು ಬಿ' ಎಂಬ ದರ್ಜೆಯಾಯಿತು. ಒಳ್ಳೆಯದು ಹಡಗು ಹತ್ತಿತು, ಮೂರು ಬಿ ನಮ್ಮ ಊರುಗಳ ಕಾಫಿಪುಡಿ ಅಂಗಡಿಗಳಿಗೆ ಬಂತು. ಒಳ್ಳೆಯ ಕಾಫಿ ಕುಡಿದೆವೆಂದು ಬೀಗುವ ನಾವು ಇದನ್ನು ಒಮ್ಮೆಯಾದರೂ ನೆನೆಯಬೇಕು.

ಹುಣಸೂರಿನ ಕಡೆಯ ಹಳ್ಳಿಯೊಂದರಲ್ಲಿ, ಹಿಂದೆ ಈ ಕೆಲಸ ಮಾಡಿದ ಒಬ್ಬ ಮುದುಕಿಯನ್ನು ನಾನು ಕಂಡು ಮಾತಾಡಿಸಿದ್ದೇನೆ. ಬೇಸಗೆಯಲ್ಲಿ ಹೊಲದ ಕೆಲಸವಿಲ್ಲದಾಗ ಹತ್ತಾರು ಜನ ಕೂಡಿ ಬೆಳಗಿನ ಹೊತ್ತು ನಡೆದು ಹೋಗುತ್ತಿದ್ದರಂತೆ. ಸಾಲಾಗಿ ಕುಳಿತು, ಮುಂದೆ ಕಾಳು ಹರಡಿಕೊಂಡು, ಎರಡು ಕೈಯಲ್ಲಿಯೂ ಹೆಕ್ಕುವುದು; ಸಂಜೆ ತೂಕ ಹಾಕಿ ಬರೆದುಕೊಳ್ಳುವುದು; ವಾರಕ್ಕೊಮ್ಮೆ ಕೂಲಿ.

"ಆ ದುಡ್ಡಲ್ಲಿ ಏನು ಮಾಡಿದಿರಿ, ಅಜ್ಜಿ?" ಎಂದು ಕೇಳಿದೆ.

"ಏನ್ ಮಾಡದು ಮಗಾ, ಮಳೆ ಬೀಳೋಗಂಟ ಹಿಟ್ಟಿಗೆ ಆಯ್ತಿತ್ತು. ಬಿತ್ತನೆ ರಾಗಿಗೆ ಸಾವ್ಕಾರನ ತಾವ ಹೋಗೋದು ತಪ್ತು. ನನ್ನ ಮಗಳ್ನ ಇಸ್ಕೂಲಿಗೆ ಕಳಿಸಿದ್ದೂ ಅದ್ರಾಗೇಯ" ಎಂದಳು.

"ಕೆಲಸ ಯಾಕೆ ಬಿಟ್ಟಿರಿ?"

"ನಾನೆಲ್ಲಿ ಬಿಟ್ಟೆ? ಕಣ್ಣು ಮಂಜಾದಾಗ ಬುಡ್ಬೇಕು ಅನ್ಕಂಡಿದ್ದೆ. ಕಣ್ಣು ನೆಟ್ಟಗಿರೋವಾಗ್ಲೇ ಮಿಸಿನ್ನು ಬಂತು."

ಈ ಮಿಸಿನ್ನಿನ ವಿಚಾರಕ್ಕೆ ಮುಂದೆ ಬರುತ್ತೇನೆ. ಅದಕ್ಕೆ ಮೊದಲು ಲೆಕ್ಕದ ಜಮೆಯ ಭಾಗವನ್ನು ನೋಡಿಬಿಡೋಣ.

ರೋಬಸ್ಟಾದ ಒಣಹಣ್ಣಿನ 50 ಕಿಲೋ ಚೀಲವನ್ನು ಒಡೆದರೆ ಸುಮಾರು 27 ಕಿಲೋ ಬೀಜ ಸಿಗುತ್ತದೆ. ಕೊಡಗಿನಲ್ಲಿ ಇದನ್ನು 'ಓಟಿ' ಎನ್ನುತ್ತಾರೆ. ಸಣ್ಣ ತೋಟಗಾರನ ವರ್ಷದ ಸುಖದುಃಖವೆಲ್ಲ ಈ ಓಟಿ ಎಷ್ಟು ಬಂತೆಂಬುದರ ಮೇಲೆ ನಿಂತಿದೆ. ಉಳಿದ 23 ಕಿಲೋ ಬಹುಪಾಲು ಹೊಟ್ಟು. ಹತ್ತು ಟನ್ನಿನ ಒಂದು ಲಾರಿ ಕಾಫಿಯಲ್ಲಿ ನಾಲ್ಕೂವರೆ ಟನ್ನಿನಷ್ಟು ಹೊಟ್ಟೇ ಪ್ರಯಾಣ ಮಾಡುತ್ತದೆಂದಾಯಿತು. ಇದು ಕಸವಲ್ಲ. ಇದು ಇಟ್ಟಿಗೆಗೂಡಿಗೆ ಉರುವಲು, ಬಾಯ್ಲರಿಗೆ ಉರುವಲು, ತಿಪ್ಪೆಗೆ ಗೊಬ್ಬರ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳು ಸೌದೆಗೆ ಬಾಯಿ ತೆರೆದುಕೊಂಡು ಕುಳಿತಿರುತ್ತವೆ. ಅವುಗಳಲ್ಲಿ ಕೆಲವಕ್ಕೆ ಈಚಿನ ವರ್ಷಗಳಲ್ಲಿ ಕಾಫಿಹೊಟ್ಟನ್ನು ಹಾಕುತ್ತಾರೆ. ಕುಟ್ಟದ ಹೊಟ್ಟು ಉರಿದಷ್ಟೂ ನಾಗರಹೊಳೆಯ ಅಂಚಿನ ಮರ ಉಳಿಯುತ್ತದೆಂದು ಸಂತೋಷಪಡಬಹುದು. ಉರಿದದ್ದು ಹೊಗೆಸೊಪ್ಪಿಗಾಗಿ ಎಂಬುದು ಬೇರೆ ಮಾತು. ಇನ್‌ಸ್ಟಂಟ್ ಕಾಫಿ ಮಾಡುವ ಕಾರ್ಖಾನೆಗಳಲ್ಲಿಯೂ ರಸ ತೆಗೆದುಳಿದ ಚರಟವನ್ನು ಬಾಯ್ಲರಿಗೆ ಹಾಕುವ ಪದ್ಧತಿ ಉಂಟು. ಒಟ್ಟಿನಲ್ಲಿ ವರ್ಷವರ್ಷವೂ ಗಿಡ ಕೊಡುವ ಫಲದ ಮೇಲೆ ನಿಂತು, ಬಿಸಿಲಿನಲ್ಲಿ ಒಣಗಿಸಿ, ತನ್ನ ಹೊಟ್ಟಿನಿಂದಲೇ ಪರರ ಒಲೆ ಉರಿಸಿ, ಕೊನೆಗೆ ಕಸವೆಂದು ಹೆಚ್ಚೇನೂ ಉಳಿಸದ ಕಾರ್ಖಾನೆ ಇದು. ಹಸಿರು ಎಂಬ ಪದವಿಯನ್ನು ಇದಕ್ಕೆ ಕೊಡಲು ಯಾರೂ ಹಿಂಜರಿಯಬೇಕಾಗಿಲ್ಲ.

ಕುಟ್ಟದ ನೀರು ಮಾಡಿದ ಉಪಕಾರವೂ ಇದೇ ಜಮೆಗೆ ಸೇರಬೇಕು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ತು ತೆಗೆದು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. 1905ರಲ್ಲಿ ಅದೇ ವಿದ್ಯುತ್ತು ಬೆಂಗಳೂರಿನ ಬೀದಿಯಲ್ಲಿ ದೀಪವಾಯಿತು. ಬೇಸಗೆಯಲ್ಲಿ ನೀರು ತಗ್ಗಿದಾಗಲೂ ಆ ಯಂತ್ರಗಳು ನಿಲ್ಲದಿರಲೆಂಬುದು ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ ಉದ್ದೇಶಗಳಲ್ಲಿ ಒಂದು. ಆ ಕಟ್ಟೆಯ ಹಿನ್ನೀರಿಗೇ ಲಕ್ಷ್ಮಣತೀರ್ಥ ಬಂದು ಸೇರುವುದು. ಹೀಗೆ ಮೈಸೂರು ಸೀಮೆಯ ಪಟ್ಟಣಗಳ ಕೈಗಾರಿಕೆಗೆ ಹೊಗೆಯಿಲ್ಲದ ಶಕ್ತಿ ಒದಗಿದುದರಲ್ಲಿ ಬ್ರಹ್ಮಗಿರಿಯ ಮಳೆಯದೂ ಒಂದು ಪಾಲು. ಆ ಮಳೆಗೆ ಯಾರೂ ಬಾಡಿಗೆ ಕೊಟ್ಟಿಲ್ಲ, ಬೆಟ್ಟವೂ ಬಿಲ್ಲು ಕಳಿಸಿಲ್ಲ.

ಇನ್ನು ಖರ್ಚಿನ ಪುಟ. ಇದನ್ನು ಬಿಟ್ಟು ಬರೆದರೆ ಚರಿತ್ರೆಯಾಗದು, ಜಾಹೀರಾತಾದೀತು.

ಮೊದಲನೆಯದು ಬೆಟ್ಟದ ಮೇಲಿನ ಆಳಿನ ವಿಷಯ. ಕುಟ್ಟಕ್ಕೆ ಹತ್ತಿರದ ಮಾನಂದವಾಡಿಯ ಬಳಿ ವಳ್ಳಿಯೂರ್ಕಾವು ಎಂಬ ದೇವಿಯ ಸ್ಥಾನವಿದೆ. ಅಲ್ಲಿಯ ಜಾತ್ರೆಯಲ್ಲಿ ಜಮೀನುದಾರರು ಪಣಿಯರಿಗೆ ಮುಂಗಡ ಹಣ ಕೊಟ್ಟು ಇಡೀ ವರ್ಷದ ದುಡಿಮೆಗೆ ಅವರನ್ನು ಕಟ್ಟಿಹಾಕಿಕೊಳ್ಳುತ್ತಿದ್ದರು. ಕೊಡಗಿನಲ್ಲಿ ಯರವರದೂ ತಲೆತಲಾಂತರದ ಜೀತವೇ. 1951ರಲ್ಲಿ ತೋಟ ಕಾರ್ಮಿಕರ ಕಾನೂನು ಬಂತು; 1976ರಲ್ಲಿ ಜೀತಪದ್ಧತಿಯನ್ನು ದೇಶದಲ್ಲೆಲ್ಲ ನಿಷೇಧಿಸುವ ಕಾನೂನು ಬಂತು. ಆಗ ನಮ್ಮ ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ದೇವರಾಜ ಅರಸರು ಹುಣಸೂರಿನವರೇ ಎಂಬುದನ್ನು ಇಲ್ಲಿ ಸ್ಮರಿಸಬಹುದು. ಪಟ್ಟಣದ ಕಾರ್ಖಾನೆ ಎಷ್ಟು ಶುಚಿಯಾಗಿದ್ದರೂ ಅದರ ಚೀಲ ಬಿಗಿದ ಕೈ ಸ್ವತಂತ್ರವಾಗಿತ್ತೇ ಎಂಬ ಪ್ರಶ್ನೆಯನ್ನು ಕೇಳದೆ ಬಿಡುವಂತಿಲ್ಲ. ಎಲೆ ಹಸಿರಾಗಿದ್ದರೆ ಸಾಲದು.

ಎರಡನೆಯದು ನೀರಿನ ವಿಷಯ. ಹಣ್ಣನ್ನು ಒಣಗಿಸುವ ಬದಲು ಪಲ್ಪರಿನಲ್ಲಿ ಹಿಸುಕಿ ತೊಳೆದು ಪಾರ್ಚ್‌ಮೆಂಟ್ ಮಾಡುವ ಕ್ರಮದಲ್ಲಿ ಬೆಲೆ ಹೆಚ್ಚು ಸಿಗುತ್ತದೆ, ನೀರೂ ಹೆಚ್ಚು ಕೆಡುತ್ತದೆ. ತೊಳೆದ ನೀರಿನಲ್ಲಿ ಹಣ್ಣಿನ ಸಕ್ಕರೆ, ಅಂಟು ಎಲ್ಲವೂ ಇರುವುದರಿಂದ ಅದು ಹುಳಿತು ನಾರುತ್ತದೆ; ಹಳ್ಳಕ್ಕೆ ಬಿಟ್ಟರೆ ಮೀನು ಉಸಿರುಗಟ್ಟಿ ಸಾಯುತ್ತದೆ. ಕಾಫಿ ಮಂಡಳಿಯ ಸಂಶೋಧಕರು ಹೊಂಡ ತೋಡಿ ನೀರನ್ನು ತಂಗಿಸುವುದನ್ನೂ ಅದರಿಂದ ಅಡಿಗೆಯ ಅನಿಲ ತೆಗೆಯುವುದನ್ನೂ ತೋರಿಸಿಕೊಟ್ಟಿದ್ದಾರೆ. ಕೇಳಿದವರು ಮಾಡಿದ್ದಾರೆ, ಕೇಳದವರ ನೀರು ಕೆಳಗಿನವರ ಪಾಲಿಗೆ ಬಂದಿದೆ. ರೋಬಸ್ಟಾವನ್ನು ಬಹುಮಟ್ಟಿಗೆ ಇಡಿಯಾಗಿ ಒಣಗಿಸುವ ಕುಟ್ಟದ ಸೀಮೆಗೆ ಈ ಅಪವಾದ ಸ್ವಲ್ಪ ಕಡಿಮೆಯೆಂದೇ ಹೇಳಬೇಕು.

ಮೂರನೆಯದು ಆ ಅಜ್ಜಿ ಹೇಳಿದ ಮಿಸಿನ್ನು. ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಪೇಟೆ ಮುಚ್ಚಿಹೋಗಿ ಕಾಫಿ ಕೊಳ್ಳುವವರಿಲ್ಲದಾಗ 1940ರಲ್ಲಿ ಸರಕಾರ ಒಂದು ಸುಗ್ರೀವಾಜ್ಞೆ ಹೊರಡಿಸಿತು. 1942ರಲ್ಲಿ ಅದು ಕಾಫಿ ಕಾನೂನಾಯಿತು. ತೋಟಗಾರನು ಬೆಳೆದುದನ್ನೆಲ್ಲ ಮಂಡಳಿಯ 'ಪೂಲ್'ಗೆ ಒಪ್ಪಿಸಬೇಕು. ಮಂಡಳಿ ಮಾರಿ ಕಂತುಕಂತಾಗಿ ಹಣ ಕೊಡುತ್ತದೆ. ಕಂತುಗಳು ಬರುವುದನ್ನು ಕಾದು ಕಾದು ತೋಟಗಾರರ ತಲೆ ನರೆತ ಕಥೆಗಳು ಕೊಡಗಿನ ಮನೆಮನೆಯಲ್ಲಿಯೂ ಇವೆ. ಆದರೆ ಒಂದು ಮಾತು: ಕಾಫಿ ಪೂಲಿಗೆ ಹೋಗುತ್ತಿದ್ದುದು ಮಂಡಳಿಯ ಒಪ್ಪಿಗೆ ಪಡೆದ ಕ್ಯೂರಿಂಗ್ ಕಾರ್ಖಾನೆಗಳ ಮೂಲಕವೇ. ಆದುದರಿಂದ ಹುಣಸೂರು, ಮಂಗಳೂರು, ಚಿಕ್ಕಮಗಳೂರುಗಳ ಕಾರ್ಖಾನೆಗಳಿಗೆ ವರ್ಷವರ್ಷವೂ ಕೆಲಸ ಖಂಡಿತವಾಗಿತ್ತು. 1948ರ ಕಾರ್ಖಾನೆ ಕಾನೂನು ಅಲ್ಲಿಯ ಹೆಂಗಸರಿಗೂ ಅನ್ವಯಿಸುತ್ತಿತ್ತು. ಐವತ್ತಕ್ಕಿಂತ ಹೆಚ್ಚು ಹೆಂಗಸರಿದ್ದ ಕಡೆ ಕೂಸುಗಳಿಗೆ ತೊಟ್ಟಿಲಮನೆ ಇರಬೇಕೆಂದು ಆ ಕಾನೂನು ಹೇಳಿತು. 1976ರಲ್ಲಿ ಆ ಸಂಖ್ಯೆಯನ್ನು ಮೂವತ್ತಕ್ಕೆ ಇಳಿಸಿದರು. ಹೊಲದಲ್ಲಿ ಕಳೆ ಕೀಳುವವಳ ಕೂಸಿಗೆ ಮರದ ನೆರಳೇ ಗತಿಯಾಗಿದ್ದ ಕಾಲದಲ್ಲಿ ಕಾಗದದ ಮೇಲಾದರೂ ಇದು ಸಣ್ಣ ಮಾತಲ್ಲ.

1992ರಿಂದ ಪೂಲ್ ಸಡಿಲವಾಗುತ್ತ ಬಂದು 1996ರ ಹೊತ್ತಿಗೆ ಪೂರ್ತಿ ಮುಗಿಯಿತು. ತೋಟಗಾರನು ತನ್ನ ಕಾಫಿಯನ್ನು ತನಗೆ ಬೇಕಾದವರಿಗೆ ಮಾರಬಹುದೆಂದಾಯಿತು. ಆತನಿಗೆ ಅದು ಬಿಡುಗಡೆ. ಕೈಗೆ ಕೂಡಲೆ ಹಣ ಬಂತು. ವ್ಯಾಪಾರಿಗಳು ಕೊಡಗಿನ ಅಂಚಿನ ಒಣಸೀಮೆಯಾದ ಕುಶಾಲನಗರದ ಕೂಡ್ಲೂರಿನಲ್ಲಿ ಹೊಸ ಕ್ಯೂರಿಂಗ್ ಕಾರ್ಖಾನೆಗಳನ್ನು ಹಾಕಿದರು. ಪೈಪೋಟಿ ಬಂದ ಕಡೆ ಯಂತ್ರವೂ ಬರುತ್ತದೆ. ಈ ಬಣ್ಣದ ಯಂತ್ರದಲ್ಲಿ ಕಾಳುಗಳು ಒಂದರ ಹಿಂದೊಂದು ಧಾರೆಯಾಗಿ ಬೀಳುತ್ತವೆ. ವಿದ್ಯುತ್ತಿನ ಕಣ್ಣು ಪ್ರತಿಯೊಂದನ್ನೂ ನೋಡುತ್ತದೆ. ಕರಿಕಾಳು ಕಂಡ ಕ್ಷಣವೇ ಗಾಳಿಯ ಒಂದು ಚಿಮ್ಮು ಅದನ್ನು ಬದಿಗೆ ಹಾರಿಸುತ್ತದೆ. ಅದು ದಣಿಯದು, ಕೂಸಿಗೆ ಹಾಲೂಡಿಸಲು ಏಳದು, ಕೂಲಿ ಹೆಚ್ಚಿಸಿರೆಂದು ಕೇಳದು. ಹಿಂದೆ ಹೆಂಗಸರು ಸಾಲಾಗಿ ಕುಳಿತು ಹೆಕ್ಕುತ್ತಿದ್ದ ಕಡೆ ಈಗ ಬೆರಳೆಣಿಕೆಯ ಜನ ಯಂತ್ರವನ್ನು ನೋಡಿಕೊಳ್ಳುತ್ತಾರೆ. ಕಾರ್ಖಾನೆಯ ಬಿಸಿಲೂ ಹೊಟ್ಟೂ ಹಾಗೆಯೇ ಇವೆ, ಹಸಿರಿನಲ್ಲಿ ಕೊರತೆಯಾಗಲಿಲ್ಲ. ಕೊರತೆಯಾದದ್ದು ಉದ್ಯೋಗದಲ್ಲಿ.

ಯಂತ್ರವನ್ನು ಬೈದು ಪ್ರಯೋಜನವಿಲ್ಲವೆಂದು ನಾನೂ ಬಲ್ಲೆ. ದಿನವಿಡೀ ಬಗ್ಗಿ ಕುಳಿತು ಕಣ್ಣು ಸವೆಸುವ ಕೆಲಸ ಶಾಶ್ವತವಾಗಿರಲೆಂದು ಹಾರೈಸುವುದು, ಕಾಫಿಯ ಬಟ್ಟಲು ಕೈಯಲ್ಲಿ ಹಿಡಿದು ಕುರ್ಚಿಯಲ್ಲಿ ಕುಳಿತವರಿಗೆ ಸುಲಭ. ಆದರೆ ಆ ಹೆಂಗಸರಿಗೆ ಬದಲು ಕೆಲಸ ಯಾವುದು ಬಂತು ಎಂಬ ಪ್ರಶ್ನೆ ಉಳಿಯುತ್ತದೆ. ಹೊಟ್ಟನ್ನು ಇಟ್ಟಿಗೆಯಂತೆ ಒತ್ತಿ ಉರುವಲು ಮಾಡುವ ಕೆಲಸವುಂಟು, ಗೊಬ್ಬರ ಮಾಡುವ ಕೆಲಸವುಂಟು, ಹುರಿದು ಪುಡಿ ಮಾಡಿ ಹೆಸರು ಹಾಕಿ ಮಾರುವ ಕೆಲಸವುಂಟು. ಯಂತ್ರ ತಂದ ಉಳಿತಾಯದಲ್ಲಿ ಒಂದು ಪಾಲನ್ನು ಇಂಥ ಕೆಲಸ ಕಲಿಸುವುದಕ್ಕೆ ಹಚ್ಚಿದ್ದರೆ ಅಜ್ಜಿಯ ಮಾತಿನ ಧಾಟಿ ಬೇರೆಯಾಗುತ್ತಿತ್ತು.

ಕುಟ್ಟದಲ್ಲಿ ಒಬ್ಬ ಹಿರಿಯ ತೋಟಗಾರರ ಮನೆಯ ಜಗಲಿಯಲ್ಲಿ ಕುಳಿತು ನಾನು ಈ ಹೊಟ್ಟಿನ ವಿಚಾರವನ್ನೇ ಎತ್ತಿದ್ದೆ. ಹೊಟ್ಟಿನಲ್ಲಿ ಪೊಟ್ಯಾಶ್ ಬಹಳ. ತೋಟಕ್ಕೆ ಮರಳಿಸಿದರೆ ಒಳ್ಳೆಯ ಗೊಬ್ಬರ. ಹಾಗಿದ್ದೂ ಬೆಟ್ಟದ ಸಾರವೆಲ್ಲ ಬಯಲಿನ ಒಲೆಗೆ ಹೋಗಿ, ತೋಟಕ್ಕೆ ಅಂಗಡಿಯ ಪೊಟ್ಯಾಶ್ ಚೀಲ ಬರುವುದು ಏತರ ನ್ಯಾಯ ಎಂದು ಕೇಳಿದೆ. ಅವರು ನಕ್ಕರು. "ನ್ಯಾಯ ಇಲ್ಲ, ನಿಜ. ಆದರೆ ವಾಪಸು ತರಲಿಕ್ಕೆ ಲಾರಿ ಬಾಡಿಗೆ ಯಾರು ಕೊಡುವುದು ಮಾರಾಯರೇ? ಇಲ್ಲೇ ಒಡೆಯುವ ಹಾಗಿದ್ದರೆ ಹೊಟ್ಟು ಇಲ್ಲೇ ಉಳಿಯುತ್ತಿತ್ತು, ಲೈನ್‌ಮನೆಯ ಹುಡುಗರೂ ಇಲ್ಲೇ ಉಳಿಯುತ್ತಿದ್ದರು" ಎಂದರು. ಅಷ್ಟರಲ್ಲಿ ಒಳಗಿನಿಂದ ಕಾಫಿ ಬಂತು. ಅದು ಅವರದೇ ತೋಟದ್ದು, ಮನೆಯಲ್ಲಿಯೇ ಹುರಿದದ್ದು. ರುಚಿಯ ಬಗ್ಗೆ ನಾನು ಹೇಳಬೇಕಾಗಿಲ್ಲ.

ಅವರ ಮಾತಿನ ಹಿಂದುಗಡೆಯ ಭಾಗ ನನ್ನ ಮನಸ್ಸಿನಲ್ಲಿ ನಿಂತಿತು. ನೂರೈವತ್ತು ವರ್ಷಗಳ ಹಿಂದೆ ಕಾಫಿಯನ್ನು ಕೆಳಕ್ಕೆ ಕಳಿಸಿದ್ದು ಹವೆಯ ಕಾರಣಕ್ಕೆ. ಅಂದು ಅದಕ್ಕೆ ಬೇರೆ ಪರಿಹಾರವಿರಲಿಲ್ಲ. ಈಗ ತೇವವನ್ನು ಅಳೆಯುವ ಸಣ್ಣ ಯಂತ್ರ ಕೈಚೀಲದಲ್ಲಿ ಹಿಡಿಸುತ್ತದೆ. ಗಾಳಿಯಾಡದ ಚೀಲಗಳು ಬಂದಿವೆ. ಪ್ಲಾಸ್ಟಿಕ್ ಹಾಳೆಯ ಮಾಡಿನಡಿ ಬಿಸಿಲು ಹಿಡಿದು ಒಣಗಿಸುವ ಮನೆಗಳು ಬಂದಿವೆ. ಸಣ್ಣ ಹಲ್ಲರುಗಳು ಬಂದಿವೆ. ಹವೆ ಹೇಳಿದ 'ಆಗದು' ಎಂಬ ಮಾತಿನ ಬಿಗಿ ಸಡಿಲಿದೆ. ಹೀಗಿದ್ದೂ ಕೆಲಸ ಮಾತ್ರ ಹಳೆಯ ದಾರಿಯಲ್ಲಿಯೇ ಇಳಿದು ಹೋಗುತ್ತಿದೆ. ಅದರ ಹಿಂದೆಯೇ ಹುಡುಗರೂ ಇಳಿದು ಮೈಸೂರು ಬೆಂಗಳೂರುಗಳಿಗೆ ಹೋಗುತ್ತಾರೆ. ಹಣ್ಣು ಕುಯ್ಯುವ ಕಾಲಕ್ಕೆ ತೋಟಗಳಿಗೆ ದೂರದ ಅಸ್ಸಾಮಿನಿಂದ ಆಳುಗಳು ಬರುತ್ತಾರೆ.

2019ರಲ್ಲಿ 'ಕೂರ್ಗ್ ಅರೇಬಿಕಾ' ಎಂಬುದಕ್ಕೂ 'ವಯನಾಡ್ ರೋಬಸ್ಟಾ' ಎಂಬುದಕ್ಕೂ ಊರಿನ ಹೆಸರಿನ ರಕ್ಷಣೆ, ಅಂದರೆ ಭೌಗೋಳಿಕ ಗುರುತು, ದೊರೆಯಿತು. ಕುಟ್ಟ ಇರುವುದು ಕೊಡಗಿನಲ್ಲಿ, ಬೆಳೆಯುವುದು ಹೆಚ್ಚಾಗಿ ರೋಬಸ್ಟಾ! ಗಡಿಯ ಈಚೆಗಿದ್ದುದರಿಂದ ಅದು ವಯನಾಡಿನದಲ್ಲ. ಅರೇಬಿಕಾ ಅಲ್ಲದುದರಿಂದ ಕೂರ್ಗಿನ ಹೆಸರೂ ಅದಕ್ಕೆ ಸಲ್ಲದು. ಒಂದೇ ಬೆಟ್ಟ, ಒಂದೇ ಮಳೆ, ಒಂದೇ ಗಿಡ. ಬೇಲಿಯಾಚೆ ಹೆಸರುಂಟು, ಬೇಲಿಯೀಚೆ ಹೆಸರಿಲ್ಲ. ದೇಶದ ಕಾಫಿಯಲ್ಲಿ ನೂರಕ್ಕೆ 70ರಷ್ಟನ್ನು ಬೆಳೆಯುವ ನಮ್ಮ ರಾಜ್ಯದಲ್ಲಿ, ಆ ಪೈಕಿ ದೊಡ್ಡ ಪಾಲನ್ನು ಕೊಡುವ ಕೊಡಗಿನ ಒಂದು ಮೂಲೆಗೆ ಈ ಅವಸ್ಥೆ. ಹೆಸರನ್ನು ಪಟ್ಟಣದ ಕಚೇರಿಗಳು ಕೊಡುತ್ತವೆ. ಹಸಿರು ಎಂಬ ಹೆಸರೂ ಹಾಗೆಯೇ ತಾನೆ?

ಆದುದರಿಂದ ಹೊಸ ಹಸಿರು ಉದ್ಯೋಗಗಳನ್ನು ಎಣಿಸುವ ಮಹನೀಯರಲ್ಲಿ ನನ್ನದೊಂದು ವಿಜ್ಞಾಪನೆ. ಕಾರ್ಖಾನೆಯ ಚಿಮಣಿಯಿಂದ ಹೊಗೆ ಬರುವುದೇ ಇಲ್ಲವೇ ಎಂದು ನೋಡುವಾಗ ಇನ್ನು ಮೂರು ಪ್ರಶ್ನೆಗಳನ್ನೂ ಕೇಳಿರಿ. ಅದಕ್ಕೆ ಸರಕು ಕಳಿಸಿದ ಊರಿಗೆ ಏನು ಮರಳಿ ಹೋಯಿತು? ಅದು ಬಿಟ್ಟ ನೀರನ್ನು ಕೆಳಗಿನ ಊರಿನವರು ಕುಡಿಯಬಹುದೇ? ಹೊಲ ಒಣಗಿದ ತಿಂಗಳುಗಳಲ್ಲಿ ಅದರಿಂದ ಎಷ್ಟು ಮನೆಗಳ ಒಲೆ ಉರಿಯಿತು? ಹಳೆಯ ಕಾಫಿ ಅಂಗಳಗಳು ಮೊದಲನೆಯ ಪ್ರಶ್ನೆಯಲ್ಲಿ ಸೋತುವು, ಎರಡನೆಯದರಲ್ಲಿ ಬಹುಮಟ್ಟಿಗೆ ಗೆದ್ದುವು, ಮೂರನೆಯದರಲ್ಲಿ ಬಹುಕಾಲ ಗೆದ್ದು ಕೊನೆಗೆ ಸೋತುವು. ಬಿಸಿಲಿನ ಹಲಗೆಗಳನ್ನೂ ವಿದ್ಯುತ್ ಗಾಡಿಗಳನ್ನೂ ಮಾಡುವ ಹೊಸ ಕಾರ್ಖಾನೆಗಳ ಪರೀಕ್ಷೆ ಇನ್ನೂ ನಡೆಯುತ್ತಿದೆ. ಪ್ರಶ್ನೆಪತ್ರಿಕೆ ಹಳೆಯದೇ ಆದುದರಿಂದ ಓದಿಕೊಂಡು ಬರಲು ಅವುಗಳಿಗೆ ಅವಕಾಶವಿದೆ.